ಗೊಂಬೆಗಳ ಕೊಳ

ನಮ್ಮ ಬಡಾವಣೆಗೆ ಆಗಿನ್ನೂ ಪುರಸಭೆಯ ನೀರು ಬಂದಿರಲಿಲ್ಲ. ಮನೆ ಮಾಲೀಕರೆಲ್ಲ ಸಂಘ ಮಾಡಿಕೊಂಡು, ಬಾವಿಗೆ ಪಂಪು ಹಾಕಿಸಿ, ಮನೆಮನೆಗೆ ಕೊಳಾಯಿ ಎಳೆಸಿದ್ದರು. ಮೂರು ತಿಂಗಳು ವಂತಿಗೆ ತಪ್ಪಿದರೆ ಕೊಳಾಯಿ ಬಂದ್. ನಮ್ಮದು ನಾಲ್ಕು ತಪ್ಪಿತ್ತು. ಯಜಮಾನರು ವಿಷಮಶೀತ ಜ್ವರದಲ್ಲಿ ಮಲಗಿದ್ದರು; ರಜೆ ಮುಗಿದು ಸಂಬಳವೂ ನಿಂತಿತ್ತು.

ದಸರೆಗೆ ಎರಡು ದಿನವಿದೆ ಎನ್ನುವಾಗ ಸಂಘದ ಆಳು ಬಂದು ಗೇಟಿನ ಹೊರಗಿನ ತಿರುಪು ಮುಚ್ಚಿ ಬೀಗ ಹಾಕಿದ. "ನನ್ನ ಬೈಕೋಬೇಡಿ ಕಣವ್ವ" ಎಂದ, ನನ್ನ ಮುಖ ನೋಡದೆ.

ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ದುಂಡಕ್ಷರದಲ್ಲಿ ಅವತ್ತೇ ಅರ್ಜಿ ಬರೆದೆ. ಮನೆಯಲ್ಲಿ ಕಾಯಿಲೆಯವರಿದ್ದಾರೆ, ಕುಡಿಯಲೂ ನೀರಿಲ್ಲ, ಸಂಬಳ ಬರುವ ತನಕ ದಯವಿಟ್ಟು ಕೊಳಾಯಿ ಬಿಡಿಸಬೇಕು. ಭಾನುವಾರ ಕಮಿಟಿಯ ಮುಂದೆ ಇಡುತ್ತೇನೆಂದರು ಕಾರ್ಯದರ್ಶಿಗಳು.

ಅಲ್ಲಿಯವರೆಗೆ, ಬೆಳಕು ಹರಿಯುವ ಮೊದಲೇ ಬಡಾವಣೆಯಾಚೆಯ ದೂರದ ಬೀದಿ ನಲ್ಲಿಯಿಂದ ದಿನಕ್ಕೆರಡು ಕೊಡ ತರುತ್ತಿದ್ದೆ. ಯಾರೂ ನೋಡಬಾರದು.

ಆದರೆ ಗೊಂಬೆ ಕೂರಿಸದಿದ್ದರೆ ಬೀದಿಯೆಲ್ಲ ಕಾರಣ ಕೇಳುತ್ತದೆ. ರಾಗಿ ಪೈರಿನ ನಡುವೆ ಹಿತ್ತಾಳೆ ಪರಾತದ ಕೊಳ, ಅದರಲ್ಲಿ ಮರದ ಬಾತುಕೋಳಿ: ನಮ್ಮ ಮನೆಯ ಗೊಂಬೆಯೆಂದರೆ ಅದೇ. ಕೊಳ ಒಣಗಿದ್ದರೆ ಗುಟ್ಟು ರಟ್ಟಾಗುತ್ತದೆಂದು ಬೆಳಗಿನ ಒಂದು ಕೊಡ ಪೂರಾ ಅದಕ್ಕೆ ಸುರಿದೆ. ಅವತ್ತು ಯಜಮಾನರ ಮೈ ಒರೆಸಲಿಲ್ಲ.

ಸಂಜೆ ಅರಿಶಿನ ಕುಂಕುಮಕ್ಕೆ ಕಾರ್ಯದರ್ಶಿಗಳ ಹೆಂಡತಿಯೂ ಬಂದರು. "ಏನ್ರೀ, ಕನ್ನಂಬಾಡಿ ಕಟ್ಟೇನೇ ಮನೆಗೆ ತಂದ್ಬುಟ್ಟಿದೀರಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. "ಒಂದು ಕೊಡ ಹಿಡಿಸ್ತು ಕಣ್ರೀ" ಎಂದೆ. ಆ ಮಾತಿನಲ್ಲಿದ್ದ ಜಂಬ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಸೋಮವಾರ ಮಧ್ಯಾಹ್ನ ಕಾರ್ಯದರ್ಶಿಗಳೇ ಅರ್ಜಿ ಹಿಡಿದು ಬಂದರು. ಮೆಟ್ಟಿಲು ಹತ್ತಲಿಲ್ಲ.

"ಕುಡಿಯೋಕೂ ನೀರಿಲ್ಲ ಅಂತ ಬರ್ದಿದೀರಿ. ಗೊಂಬೆಗೆ ಕೊಡಗಟ್ಲೆ ಸುರೀತೀರಂತೆ? ನಮ್ಮನೆಯವಳೇ ನೋಡ್ಕೊಂಡು ಬಂದ್ಲಲ್ಲಮ್ಮ. ಕಮಿಟಿಯವರು ನಕ್ಬುಟ್ರು."

"ಅದು ಹೊತ್ತು ತಂದ ನೀರು, ಸಾರ್."

"ಹೊತ್ತು ತಂದ ನೀರನ್ನ ಯಾರಾದ್ರೂ ಆಟಕ್ಕೆ ಸುರೀತಾರೇನಮ್ಮ?"

ಬಾಕಿ ಪೂರ್ತಿ ತೀರುವ ತನಕ ಬೀಗ ತೆಗೆಯುವುದಿಲ್ಲವೆಂದು ಹೇಳಿ, ಅರ್ಜಿಯನ್ನು ಜಗಲಿಯ ಮೇಲಿಟ್ಟು ಹೊರಟರು. ಒಳಗಿನಿಂದ ಯಜಮಾನರು ನೀರು ಕೇಳಿದರು. ಹೂಜಿ ಬಗ್ಗಿಸಿದೆ, ಅರ್ಧ ಲೋಟವೂ ಬರಲಿಲ್ಲ. ಅಷ್ಟನ್ನೇ ಕುಡಿಸಿ, ಕೊಡವೆತ್ತಿ ಸೊಂಟಕ್ಕಿಟ್ಟುಕೊಂಡು, ಬಾಗಿಲುಗಳೆಲ್ಲ ತೆರೆದಿದ್ದ ಆ ಬೀದಿಯ ನಡುವೆ, ಬಿಸಿಲಲ್ಲಿ ನಡೆದೆ.