ತಿರಕಪ್ಪನ ಅರಿಷ್ಟಕ್ಕೆ ಕಟ್ಟಿದ ಪ್ಯಾನಲ್ಲು

ಹಿರೇವಡ್ಡಟ್ಟಿಯ ತಿರಕಪ್ಪ ಬಾಣಂತಿಯರು ಕುಡಿಯುವ ಅರಿಷ್ಟದ ಔಷಧ ಮಾಡುತ್ತಾನೆ. ಹತ್ತು ಬಗೆಯ ಬೇರು ಕುದಿಸಿ, ಇಪ್ಪತ್ತು ಲೀಟರ್ ನೀರು ಐದಕ್ಕೆ ಇಳಿದ ಮೇಲೆ ಬೆಲ್ಲ, ಧಾತಕಿ ಹೂ ಹಾಕಿ ಮಣ್ಣಿನ ಹರವಿಯಲ್ಲಿ ತಿಂಗಳೊಪ್ಪತ್ತು ಹುಳಿಯಲು ಬಿಡುತ್ತಾನೆ. ಮದುವೆಯಾದವನಲ್ಲ. ಅಪ್ಪನಿಂದ ಅವನಿಗೆ ಬಂದದ್ದು ಈ ವಿದ್ಯೆ, ಜೊತೆಗೆ ಒಂದು ಕಟ್ಟಳೆ: ಬಸುರಿ ಹೆಂಡತಿಯ ಕುಬಸದ ಸೀಮಂತ ಮುಗಿದ ಮೇಲೆ ಗಂಡನೇ ಕಟ್ಟಿಗೆ ಹೊರೆ ಹೊತ್ತು ಬರಬೇಕು, ಕಷಾಯ ಇಳಿಯುವ ತನಕ ಒಲೆಯ ಮುಂದೆ ಕೂತು ಉರಿ ಹಾಕಬೇಕು. ಅದಕ್ಕೆ ಆರು ತಾಸು ಬೇಕು. ಅಷ್ಟರಲ್ಲಿ ತಿರಕಪ್ಪ ಬಂದವನ ಹೊಲ, ಎತ್ತು, ಅತ್ತೆಮನೆಯ ತಂಟೆ ಎಲ್ಲ ಕೇಳಿ ಮುಗಿಸುತ್ತಿದ್ದ. ಬೇರೆ ಯಾರೂ ಅವನ ಮನೆಗೆ ಬಂದು ಕೂರುತ್ತಿರಲಿಲ್ಲ.

ಹೋದ ವರ್ಷ ಅವನಿಗೆ ಕೆಮ್ಮು ಹತ್ತಿತು. ಇನ್ನು ಹೊಗೆಯ ಹತ್ತಿರ ಸುಳಿಯಬೇಡ ಎಂದರು ಗದಗಿನ ಡಾಕ್ಟರು. ಅವನು ಮುಂಡರಗಿಗೆ, ನನ್ನ ಮೋಟಾರು ರಿಪೇರಿ ಅಂಗಡಿಗೆ ಬಂದ.

"ಪುಂಡಲೀಕಾ, ಕರೆಂಟಿನ ಮ್ಯಾಲೆ ಕುದಿಸಾಕ ಬರತೈತೇನು?"

"ನೀ ಹಾಸಿಗ್ಯಾಗ ಮಕ್ಕೊಂಡಿರು. ಅದ ಕುದಿಸಿ ಅದ ಬಂದ್ ಆಗೂ ಹಂಗ ಮಾಡಿ ಕೊಡತೀನಿ."

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮೋಟಾರಿಗೆ ತಂತಿ ಸುತ್ತುತ್ತಲೇ ಎಲ್ಲ ಕಲಿತೆ. ಆದರೂ ನಾನು ಬಿಗಿದ ತಂತಿ ಸಡಿಲಾದದ್ದನ್ನು ಈ ತಾಲೂಕಿನಲ್ಲಿ ಕಂಡವರಿಲ್ಲ. ಸ್ಟೀಲ್ ಹಂಡೆಯ ತಳಕ್ಕೆ ಮೂರು ಕಿಲೋವ್ಯಾಟಿನ ಹೀಟರ್ ಕೂಡಿಸಿದೆ. ಪ್ಯಾನಲ್ಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಹೀಟರನ್ನು ಹಚ್ಚಿ ಆರಿಸುವ ಕಾಂಟ್ಯಾಕ್ಟರ್, ಕಾವು ತೋರಿಸುವ ಮೀಟರ್, ಯಾರಿಗಾದರೂ ಶಾಕ್ ಹೊಡೆದರೆ ಕರೆಂಟು ಕಡಿಯುವ ಬ್ರೇಕರ್. ಹಂಡೆಯೊಳಗೆ ಒಂದು ಸ್ಟೀಲ್ ಕಡ್ಡಿ ಇಳಿಬಿಟ್ಟೆ. ಕಷಾಯ ಕಾಲುಭಾಗಕ್ಕಿಳಿದು ಕಡ್ಡಿಯ ತುದಿ ಬಿಟ್ಟಿತೋ, ಹೀಟರ್ ತಾನೇ ನಿಲ್ಲಬೇಕು. ಮೊದಲ ಸಲ ನೊರೆ ಕಡ್ಡಿಗೆ ತಾಗಿ, ನೀರು ಇನ್ನೂ ಇದೆಯೆಂದು ಪೆಟ್ಟಿಗೆಯನ್ನು ನಂಬಿಸಿತು. ಬೇರು ತಳ ಹಿಡಿಯಿತು. ಕಡ್ಡಿಯ ಸುತ್ತ ಒಂದು ಕೊಳವೆ ಹಾಕಿದೆ. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ಎರಡು ತಿಂಗಳಿಗೆ ತಿರಕಪ್ಪನ ಫೋನು ಬಂತು. "ಪೆಟ್ಟಿಗಿ ಕೆಟ್ಟೈತಿ, ಬಾ."

ಹೋಗಿ ನೋಡಿದರೆ ಕಡ್ಡಿಯ ತಂತಿ ತುಂಡಾಗಿ ಜೋತುಬಿದ್ದಿತ್ತು.

"ಇಲಿ ಕಡದಿದ್ದಲ್ಲ ಇದು. ಯಾರ ಕೊಯ್ದಾರ?"

"ನಾನ."

"ತಲಿ ನೆಟ್ಟಗೈತೇನಲೇ?"

ಅವನು ನೆಲ ನೋಡಿದ. "ಗಂಡಂದಿರು ಬರತಾರ, ಕಟ್ಟಿಗಿ ಬದ್ಲಿ ಬೆಲ್ಲದ ಪೆಂಟಿ ಬಾಗಲಾಗ ಇಡತಾರ, ಪೆಟ್ಟಿಗಿ ನೋಡಕೊಂತೈತಲ್ಲ ಅಂತಾರ, ಗಾಡಿ ತಿರುಗಸ್ತಾರ. ಐದ ಮಂದಿ ಬಂದ್ರು. ಒಬ್ಬನೂ ಚಪ್ಪಲಿ ಬಿಡಲಿಲ್ಲ. ಮನಷ್ಯಾ ಬೇಕಾಗೂ ಹಂಗ ಮಾಡಿ ಕೊಡು."

ನೆಟ್ಟಗೆ ಓಡುವುದನ್ನು ಕೈಯಾರೆ ಕುಂಟು ಮಾಡಬೇಕೆ? ಬಾಯಿಗೆ ಬಂದಂತೆ ಬೈದೆ. ಅವನು ಚಹಾ ಕಾಸಿದ. ಗೂಡಿನಿಂದ ಎರಡನೆಯ ಬಟ್ಟಲು ತೆಗೆದು ಅದರ ಧೂಳು ತೊಳೆದ. ಅದನ್ನು ಕಂಡ ಮೇಲೆ ಬೈಯುವುದು ಬಿಟ್ಟು ಚಹಾಕ್ಕೆ ಕೂತೆ.

ಮರುವಾರ ಸಾಮಾನು ತಂದೆ. ಕಡ್ಡಿಯ ತಂತಿ ಮತ್ತೆ ಜೋಡಿಸಿದೆ, ಅದಿಲ್ಲದೆ ಓಡಿಸಿದರೆ ಮನೆ ಸುಟ್ಟೀತು. ಅದರ ಸಂಗಡ ಒಂದು ಟೈಮರ್, ಒಂದು ಹಸಿರು ಗುಂಡಿ. ಹದಿನೈದು ನಿಮಿಷಕ್ಕೊಮ್ಮೆ ಗುಂಡಿ ಒತ್ತದಿದ್ದರೆ ಗಂಟೆ ಬಾರಿಸಿ ಹೀಟರ್ ನಿಲ್ಲುತ್ತದೆ.

"ಇನ್ನ ಗಂಡಂದಿರನ್ನ ಕುಂಡ್ರಸು. ಕೇಳಿದ್ರ ಪುಂಡಲೀಕ ಹಂಗ ಮಾಡ್ಯಾನ ಅನ್ನು."

ನಾನು ಇನ್ನೂ ಸ್ಕ್ರೂ ಬಿಗಿಯುತ್ತಿದ್ದಾಗಲೇ ಅಂಬರೀಶ ಎಂಬವ ಬೆಲ್ಲ ಹಿಡಿದು ಬಂದ. ಗಾಳಿಯಂತ್ರದ ಕಾವಲಿನವ, ರಾತ್ರಿಪಾಳಿ ಮುಗಿಸಿ ಸೀದಾ ಬಂದಿದ್ದ. ಹೆಂಡತಿ ರೋಜಾಳಿಗೆ ಏಳು ತಿಂಗಳು.

"ಕುಂಡ್ರಬೇಕೇನ್ರಿ ಅಜ್ಜಾರ?"

"ಕುಂಡ್ರಬೇಕೋ ಯಪ್ಪಾ. ಪೆಟ್ಟಿಗಿ ಕೇಳಂಗಿಲ್ಲ."

ಅಂಬರೀಶ ಬೂಟು ಬಿಚ್ಚಿದ. ತಿರಕಪ್ಪನ ಮುಖ ಅರಳಿತು. ಹಂಡೆಗೆ ಕಾವು ಏರಿತು, ಮೊದಲ ಸಲ ಗುಂಡಿಯನ್ನು ಅಂಬರೀಶನೇ ಒತ್ತಿ ಗೋಡೆಗೆ ಒರಗಿ ಕೂತ.

"ನಿಮ್ಮ ಹೊಲ ಎಲ್ಲಿ ಬರತೈತಪಾ?"

"ಹಳ್ಳದ ಆಚಿಕಡಿ ರೀ, ಎರಡ ಎಕರೆ..." ಅಷ್ಟು ಹೇಳುವುದರೊಳಗೆ ಅವನ ಕತ್ತು ವಾಲಿತು. ಗೊರಕೆ ಶುರುವಾಯಿತು.

ಎಬ್ಬಿಸಲು ಚಾಚಿದ ನನ್ನ ಕೈಯನ್ನು ತಿರಕಪ್ಪ ಹಿಡಿದ. "ಬ್ಯಾಡ. ರಾತ್ರೆಲ್ಲಾ ನಿದ್ದಿಗೆಟ್ಟಾನ."

ಮಣೆಯನ್ನು ಪ್ಯಾನಲ್ಲಿನ ಹತ್ತಿರ ಎಳೆದುಕೊಂಡು ಗಡಿಯಾರ ನೋಡುತ್ತ ಕೂತ. ಗಂಟೆ ಬಾರಿಸಿದರೆ ಅಂಬರೀಶನಿಗೆ ಎಚ್ಚರವಾದೀತೆಂದು ನಿಮಿಷ ಮೊದಲೇ ತಾನೇ ಗುಂಡಿ ಒತ್ತಿದ. ಮತ್ತೊಮ್ಮೆ ಒತ್ತಿದ. ನಡುನಡುವೆ, ಮಲಗಿದವನ ಕಡೆ ತಿರುಗಿ, ತನ್ನ ಅಪ್ಪ ಗುಡ್ಡದಲ್ಲಿ ಬೇರು ಅಗೆಯುತ್ತಿದ್ದ ಕತೆಯನ್ನು ಸಣ್ಣ ದನಿಯಲ್ಲಿ ಹೇಳತೊಡಗಿದ. ನಾನು ಬಸ್ಸಿಗೆ ಹೊರಟಾಗ ಏಳನೆಯ ಸಲ ಒತ್ತುತ್ತಿದ್ದ.