ಬೆವೆತ ಕಣಜ

ರಾವೂರಿನ ಅಮೀರ್ಬೀಯ ಮನೆಯಲ್ಲಿ ವರ್ಷ ಶುರುವಾಗುವುದು ಜನವರಿಗೂ ಅಲ್ಲ, ಯುಗಾದಿಗೂ ಅಲ್ಲ, ಮೊಹರಮ್ಮಿಗೂ ಅಲ್ಲ. ಹಿಂಗಾರಿ ಜೋಳದ ರಾಶಿ ಮುಗಿದು, ಆಡಕಿಯ ರೈತ ಭೀಮಶಾನ ಕಣದಲ್ಲಿ ಕೊಂಡ ಚೀಲಗಳು ಟಂಟಂ ಗಾಡಿ ಏರಿ ಬಂದು ಅಂಗಳಕ್ಕೆ ಇಳಿದ ದಿನ ಅವಳ ವರ್ಷ ಶುರು. ಆ ಜೋಳ ಮುಂದಿನ ರಾಶಿಯತನಕ ಬಂದರೆ ವರ್ಷ ಸುಸೂತ್ರ. ನಡುವೆ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲಬೇಕಾದರೆ ವರ್ಷ ಕೆಟ್ಟಂತೆ. ಮದುವೆಯಾಗಿ ಸುಲೇಪೇಟದಿಂದ ಈ ಊರಿಗೆ ಬಂದ ಮೇಲೆ ಅಂಥ ವರ್ಷ ಒಂದೂ ಬಂದಿರಲಿಲ್ಲ.

ಗಂಡ ಬಾಬುಮಿಯಾ ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಸುವವನು. ಶಹಾಬಾದದ ಕಲ್ಲಿಗೆ ಅವನ ಕೈ ಬಿದ್ದರೆ ನೆಲ ಕನ್ನಡಿಯಾಗುತ್ತದೆ ಎಂದು ಚಿತ್ತಾಪುರದತನಕ ಹೆಸರಿತ್ತು. ಆದರೆ ಮಳೆ ಹಿಡಿಯಿತೆಂದರೆ ಗಣಿಗಳಲ್ಲಿ ನೀರು ನಿಲ್ಲುತ್ತದೆ, ಕಲ್ಲು ಮೇಲೇಳುವುದಿಲ್ಲ, ಮನೆ ಕಟ್ಟುವವರು ಕೈಕಟ್ಟಿ ಕೂರುತ್ತಾರೆ. ಬೇಸಿಗೆಯ ದುಡಿಮೆಯಲ್ಲೇ ಮಳೆಗಾಲವನ್ನೂ ಉಣ್ಣಬೇಕು. ಅದಕ್ಕೇ ಆ ಮನೆಯಲ್ಲಿ ಬರುವ ಪ್ರತಿಯೊಂದು ಕಾಸಿಗೂ ಬರುವ ಮೊದಲೇ ಒಡೆಯ ಗೊತ್ತಾಗಿರುತ್ತಿದ್ದ. ಕೋಳಿಯ ತತ್ತಿ ಎಣ್ಣೆ-ಸಾಬೂನಿಗೆ. ಅಮೀರ್ಬೀ ಹೊಲಿದುಕೊಡುವ ಕೌದಿ ದವಾಖಾನೆಗೆ. ಬಕ್ರೀದಿಗೆ ಮಾರುವ ಹೋತ ಮಗಳು ಮಹೆವಿಶಳ ಕಾಲೇಜಿಗೆ. ಕೋಳಿ ತತ್ತಿ ಇಡದ ವಾರ ಮನೆಯವರೆಲ್ಲ ಬರೀ ನೀರಲ್ಲಿ ಮೈ ತೊಳೆದರೇ ಹೊರತು ಕೌದಿಯ ದುಡ್ಡಿಗೆ ಕೈ ಹೋಗುತ್ತಿರಲಿಲ್ಲ.

ಓಣಿಯ ಹೆಂಗಸರು ಬಿಡುತ್ತಾರೆಯೇ? ನಲ್ಲಿಯ ಬಳಿ ಕೊಡ ಇಟ್ಟುಕೊಂಡು, "ಅಮೀರ್ಬೀ ಮನ್ಯಾಗ ಇಲಿಗೋಳೂ ವರ್ಷಪೂರ್ತಿ ರೋಜಾ ಹಿಡೀತಾವಂತ, ಖರೇ ಏನ?" ಎನ್ನುತ್ತಿದ್ದರು.

"ರೋಜಾ ಹಿಡಿದ್ರ ಪುಣ್ಯ ಬರ್ತದ. ನಿಮ್ಮ ಮನೀವು ಉಂಡುಂಡು ಹೊಟ್ಟಿ ಬಂದಾವ, ದವಾಖಾನಿಗಿ ಒಯ್ರಿ," ಎಂದು ಅವಳೂ ತಿರುಗಿಸಿ ಕೊಟ್ಟು ಕೊಡ ಎತ್ತುತ್ತಿದ್ದಳು.

ನಿಜ ಹೇಳಬೇಕೆಂದರೆ ಇಲಿಗಳು ರೋಜಾ ಹಿಡಿದಿರಲಿಲ್ಲ. ಜೋಳ ತುಂಬಿಡುತ್ತಿದ್ದುದು ಅತ್ತೆಯ ಕಾಲದ ಬಿದಿರ ಗುಮ್ಮಿಯಲ್ಲಿ. ಸೆಗಣಿ ಬಳಿದ, ಆಳೆತ್ತರದ, ಹೊಟ್ಟೆ ಉಬ್ಬಿದ ಬುಟ್ಟಿ ಅದು. ನಾಲ್ಕು ಗುಂಡುಕಲ್ಲಿನ ಮೇಲೆ, ಗೋಡೆಗೆ ತಾಗದಂತೆ ನಿಲ್ಲುತ್ತಿತ್ತು. ಹೋದ ವರ್ಷ ಇಲಿಗಳು ಅದರ ತಳ ಕೊರೆದವು. ಬಾಬುಮಿಯಾನಿಗೆ ಅಷ್ಟೇ ನೆವ ಸಾಕಾಯಿತು.

"ಊರ ಮಂದೀಗೆಲ್ಲ ಕಲ್ಲ ಹಾಕ್ತೀನಿ, ನನ್ನ ಮನ್ಯಾಗ ಬಿದಿರ ಬುಟ್ಟಿ! ತೆಗಿ ಅದನ್ನ," ಎಂದ.

ಬೇಸಿಗೆಯಲ್ಲಿ ಕೆಲಸದಿಂದ ಬಂದ ಮೇಲೆ ಸಂಜೆ ಸಂಜೆ ಕೂತು ಕಣಜ ಕಟ್ಟಿದ. ಗಣಿಯವರು ಕೂಲಿಯ ಬದಲು ಕೊಟ್ಟ ದಪ್ಪ ಹಾಸುಗಲ್ಲುಗಳು. ಒಂದೊಂದನ್ನೂ ಮುಖ ನೋಡಿಕೊಳ್ಳುವಂತೆ ತಿಕ್ಕಿದ. ಕೂದಲು ತೂರದ ಹಾಗೆ ಅಂಚು ಕೂಡಿಸಿ ಸಿಮೆಂಟು ತುಂಬಿದ. ಜಾಗ ಉಳಿಯಲೆಂದು ಗೋಡೆಗೇ ಒತ್ತಿ, ನೆಲದ ಫರಸಿಯ ಮೇಲೇ ಕೂರಿಸಿದ. ಜೋಳ ಹೊರಗೆ ಸುರಿಯಲು ಕೆಳಗೊಂದು ಕಿಂಡಿ ಕೊರೆದು, ಅದಕ್ಕೆ ಕಲ್ಲಿನದೇ ಬಿರಡೆ ಮಾಡಿದ. ಓಣಿಗೆ ಓಣಿಯೇ ನೋಡಲು ಬಂತು. ಅಮೀರ್ಬೀ ಮಾತ್ರ, ಒಲೆಗೆ ಹೋದ ಗುಮ್ಮಿಯ ಉಳಿದ ಗುಂಡುಕಲ್ಲುಗಳ ಕಡೆ ಒಮ್ಮೆ ನೋಡಿ, "ಇದಕ್ಕ ಕಾಲ ಬ್ಯಾಡೇನ್ರಿ?" ಎಂದಳು.

"ಇಲಿ ಕಲ್ಲ ತಿಂತದೇನ ಹುಚ್ಚಿ?" ಎಂದು ಅವನು ನಕ್ಕ.

ಬಿಸಿಲಿಗೆ ಒಣಗಿಸಿದ ಜೋಳಕ್ಕೆ ಬೂದಿ, ಬೇವಿನೆಲೆ ಬೆರೆಸಿ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿದರು. ಬೇಸಿಗೆಯ ಊಟಕ್ಕೆ ಹೊರಗಿಟ್ಟ ಚೀಲವೊಂದು ಆಷಾಢದ ಹೊತ್ತಿಗೆ ಮುಗಿಯಿತು.

ಅವತ್ತು ಜಿಟಿಜಿಟಿ ಮಳೆ. ಅಮೀರ್ಬೀ ಮೊರ ಹಿಡಿದು ಕಿಂಡಿಯ ಬಿರಡೆ ಎಳೆದಳು. ಜೋಳ ಸುರಿಯಲಿಲ್ಲ. ಕಟ್ಟಿಗೆ ತೂರಿಸಿ ತಿವಿದಾಗ ಕಪ್ಪಗೆ ಗಡ್ಡೆ ಕಟ್ಟಿದ ಹೆಂಟೆಯೊಂದು ಮೊರಕ್ಕೆ ಬಿತ್ತು. ಹಿಂದೆಯೇ ಹಳಸಿದ ವಾಸನೆ. ಅವಳು ಅದನ್ನು ಮುರಿದಳು. ಒಳಗೆ ಹಸಿರು ಬೂಸ್ಟು, ಮೊಳಕೆ.

ಕೂಗಿ ಕರೆದ ಮೇಲೆ ಬಾಬುಮಿಯಾ ಬಂದ. ಕಣಜದ ಮೈಮೇಲೆ ಅಂಗೈ ಇಟ್ಟ. ಕೈ ಒದ್ದೆಯಾಯಿತು.

"ಬೆವತದ," ಎಂದ ಸಣ್ಣ ದನಿಯಲ್ಲಿ. "ಮಳಿಗಾಲದಾಗ ಫರಸಿ ಬೆವರ್ತದ. ಮಂದೀಗಿ ನಾನೇ ಹೇಳ್ತೀನಿ, ಕೆಳಗ ಉಸುಕ ಹಾಕ್ರಿ, ಗ್ವಾಡಿಗಿ ಹಚ್ಚಬ್ಯಾಡ್ರಿ ಅಂತ…"

"ಮಂದೀಗಿ ಹೇಳ್ತೀರಿ," ಎಂದಳು ಅವಳು.

ಮೂವರೂ ಸೇರಿ ಕಣಜ ಬರಿದು ಮಾಡಿದರು. ಮೇಲಿನದು ಚೆನ್ನಾಗಿತ್ತು. ನಡುವಿನದು ತೇವ ಹಿಡಿದಿತ್ತು, ಬೂಸ್ಟು ಬಂದಿರಲಿಲ್ಲ. ತಳದ್ದೂ ಗೋಡೆಯ ಬದಿಯದೂ ಕೋಳಿಗೂ ಹಾಕುವಂತಿರಲಿಲ್ಲ. ತಿಪ್ಪೆಯಲ್ಲಿ ಗುಂಡಿ ತೋಡಿ ಮುಚ್ಚಿದರು. ಉಳಿದದ್ದು ದಸರೆ ದಾಟುವುದು ಕಷ್ಟವಿತ್ತು.

ಕಣಜದ ಮುಂದೆಯೇ ಬಾಬುಮಿಯಾ ಮಾತು ತೆಗೆದ. "ಹೋತ ಮಾರಿದ ರೊಕ್ಕ ಅದಲ್ಲ, ಅದಕ್ಕ ಜೋಳ ತರಾಮು. ಇಕಿ ಈ ವರ್ಷ ಕಾಲೇಜ ಬಿಡ್ಲಿ. ಮುಂದಿನ ವರ್ಷ ಹೋಗ್ತಾಳ, ಕಾಲೇಜೇನ ಓಡಿ ಹೋಗ್ತದೇನ?"

ಮಹೆವಿಶ ಚಿತ್ತಾಪುರದಲ್ಲಿ ಡಿಗ್ರಿ ಎರಡನೇ ವರ್ಷಕ್ಕೆ ಹೆಸರು ಹಚ್ಚಬೇಕಿತ್ತು. ಫೀ ತುಂಬಲು ಇನ್ನು ಮೂರೇ ವಾರ ಇತ್ತು. "ನಾ ಬಿಡ್ತೀನಿ ಅಮ್ಮಾ, ಇರ್ಲಿ," ಎಂದಳು.

"ನಿನ್ನ ಯಾರ ಕೇಳ್ಯಾರ? ಮೊರ ತೊಗೊಂಡು ಆಕಡಿ ಹೋಗು," ಎಂದು ಗದರಿಸಿ ಅಮೀರ್ಬೀ ಗಂಡನ ಕಡೆ ತಿರುಗಿದಳು. "ಹೋತ ಅಕೀದು. ಜೋಳ ಕೆಟ್ರ ಜೋಳದಾಗೇ ನೋಡ್ಬೇಕು. ಇವತ್ತ ಹೋತಕ್ಕ ಕೈ ಹಾಕಿದ್ರ ನಾಳಿ ಕೌದಿಗಿ ಹಾಕ್ತೀರಿ, ನಾಡಿದ್ದ ತತ್ತಿಗಿ. ಆಮ್ಯಾಲ ಮನಿ ಯಾವದು, ಸಂತಿ ಯಾವದು?"

"ಹಂಗಾದ್ರ ಮಳ್ಯಾಗ ಏನ ಕಲ್ಲ ತಿನ್ಲಿ?"

"ನೀವೇ ಕಟ್ಟೀರಿ, ತಿನ್ರಿ."

ಅವನು ಎದ್ದು ಹೊರಗೆ ಹೋದ.

ಮೊದಲು ತೇವದ ಜೋಳ ಒಣಗಬೇಕಿತ್ತು. ಆ ಮಳೆಯಲ್ಲಿ ಬಿಸಿಲೆಲ್ಲಿಯದು? ವಾಡಿಯಲ್ಲಿ ಅಂಬುಬಾಯಿಯದೊಂದು ಚುರುಮುರಿ ಭಟ್ಟಿ ಇತ್ತು. ಕಾದ ಉಸುಕಿನಲ್ಲಿ ಮಂಡಕ್ಕಿ ಹುರಿಯುವ ಒಲೆ. ಬೆಂಕಿ ಆರಿದ ಮೇಲೂ ಸುತ್ತಲಿನ ಕಟ್ಟೆ ಕಾವು ಹಿಡಿದಿರುತ್ತದೆ. ಅಮೀರ್ಬೀ, ಮಹೆವಿಶ ಗಂಟು ಹೊತ್ತುಕೊಂಡು ಬಸ್ ಹತ್ತಿದರು. ಹೆಂಗಸರಿಗೆ ಟಿಕೇಟಿಲ್ಲ, ಆ ಚಿಂತೆ ಇರಲಿಲ್ಲ.

"ಬಾ ತಾಯಿ! ನೀ ಬಂದಿ ಅಂದ್ರ ಮಳಿ ಯಾಕ ಬರಾದಿಲ್ಲ?" ಎಂದಳು ಅಂಬುಬಾಯಿ. "ವರ್ಷಾ ಆತು, ಒಂದ ಪಾವ ಚುರುಮುರಿ ಖರೀದಿ ಮಾಡಿಲ್ಲ, ಈಗ ನನ್ನ ಕಟ್ಟಿ ಬೇಕಾತೇನ?"

"ನಿನ್ನ ಚುರುಮುರಿ ತಿಂದ್ರ ಹೊಟ್ಟಿ ತುಂಬಾದಿಲ್ಲ ಅಂಬಕ್ಕ, ಬರೇ ಗಾಳಿ."

"ಗಾಳೀಗೇ ಮಂದಿ ರೊಕ್ಕ ಕೊಡ್ತಾರ. ಹಾಕು ಹಾಕು, ಭಾಳ ಹೊತ್ತ ಬಿಡಬ್ಯಾಡ. ಹುರದ ಜೋಳ ರೊಟ್ಟಿ ಆಗಾದಿಲ್ಲ."

ಅಂಬುಬಾಯಿ ಹೇಳಿದಂತೆಯೇ ಆಯಿತು. ಎಷ್ಟು ಎಚ್ಚರದಿಂದ ತಿರುವಿದರೂ ಕಾವು ಜಾಸ್ತಿಯಾಗಿ ಜೋಳ ಜಿಗುಟು ಕಳೆದುಕೊಂಡಿತು. ಹಿಟ್ಟು ಬೀಸಿ ಬಡಿದರೆ ರೊಟ್ಟಿ ಅಂಚಿನಿಂದ ಸೀಳಿ ಹಂಚಿನ ಮೇಲೆ ಚೂರಾಗುತ್ತಿತ್ತು. ಆಗ ಅಮೀರ್ಬೀ ಆ ಜೋಳವನ್ನು ಒಡೆಸಿ ನುಚ್ಚು ಮಾಡಿಸಿದಳು. ಮಧ್ಯಾಹ್ನ ನುಚ್ಚು, ಸಂಜೆ ರೇಷನ್ ಅಕ್ಕಿಯ ಅನ್ನ, ಮುಂಜಾನೆ ಒಂದು ಹೊತ್ತು ಮಾತ್ರ ಒಳ್ಳೆಯ ಜೋಳದ ರೊಟ್ಟಿ. ರೊಟ್ಟಿ ಇಲ್ಲದಿದ್ದರೆ ಕೈಯಲ್ಲಿ ಕಲ್ಲೇಳುವುದಿಲ್ಲ ಎನ್ನುತ್ತಿದ್ದ ಬಾಬುಮಿಯಾ ನುಚ್ಚನ್ನು ಮಜ್ಜಿಗೆಗೆ ಕಲಸಿ ತಲೆ ಬಗ್ಗಿಸಿ ಉಂಡ. ಇನ್ನಷ್ಟು ಬೇಕೆಂದೂ ಕೇಳಿದ. ಹೆಂಡತಿಯ ಮುಂದೆ ತಪ್ಪಾಯಿತು ಎನ್ನುವ ಅಭ್ಯಾಸ ಅವನಿಗಿರಲಿಲ್ಲ.

ಆದರೂ ಚಳಿಗಾಲದ ಊಟ ಉಳಿದೇ ಇತ್ತು. ಅಮೀರ್ಬೀ ಬರಿದಾದ ಕಣಜವನ್ನು ನೋಡುತ್ತ ನಿಂತಳು. ಮನೆಯಲ್ಲಿ ಕೆಲಸವಿಲ್ಲದೆ ನಿಂತ ವಸ್ತು ಅದೊಂದೇ.

"ಇದನ್ನ ಕಿತ್ತ ಹಾಕ್ರಿ," ಎಂದಳು. "ಆಡಕಿ ಭೀಮಶಾ ರಾಶಿ ಹೊತ್ತಿಗೇ ಕೇಳಿದ್ದ, ಎಮ್ಮಿ ಕೊಟಗಿಗಿ ಕಲ್ಲ ಹಾಸ್ಕೊಡು ಅಂತ. ಈಗ ಅವನ ಎಮ್ಮಿ ಕೆಸರಾಗ ನಿಂತಾವ. ಕೊಟಗಿಗಿ ಮ್ಯಾಲ ತಗಡ ಅದ, ಮಳ್ಯಾಗೂ ಕೆಲಸ ಆಗ್ತದ. ರೊಕ್ಕ ಬ್ಯಾಡ, ಜೋಳ ಕೊಡು ಅನ್ರಿ."

"ಕೊಟಗಿಗಿ? ಇದನ್ನ?" ಬಾಬುಮಿಯಾನ ಮುಖ ಕಪ್ಪಿಟ್ಟಿತು. "ನನ್ನ ಮನೀಗಿ ಅಂತ ನಾ ಮಾಡಿದ್ದು ಇದೊಂದೇ ಅಮೀರ್ಬೀ. ಕಾಲ ಕೊಟ್ಟು ಎತ್ತರಿಸ್ತೀನಿ, ಬರೋ ವರ್ಷ ತುಂಬಾಮು."

"ಬರೋ ವರ್ಷದ್ದು ಬರೋ ವರ್ಷ. ಈ ವರ್ಷ ಅಕಿ ಕಾಲೇಜ ಹೋಗ್ಬೇಕು, ನಾವ ಉಣಬೇಕು. ನಿಮ್ಮ ಕೈ ಎಲ್ಲೂ ಹೊಂಟಿಲ್ಲ, ಕಲ್ಲ ಹೊಂಟದ."

ಅವನು ಎರಡು ದಿನ ಉಳಿ ಮುಟ್ಟಲಿಲ್ಲ. ಮೂರನೆಯ ದಿನ ಮುಂಜಾನೆ ಯಾರಿಗೂ ಹೇಳದೆ ಸಂದುಗಳಿಗೆ ಉಳಿ ಇಟ್ಟು ಬಡಿಯತೊಡಗಿದ. ಒಂದು ಕಲ್ಲು ಸೀಳಿತು. ಉಳಿದವು ಇಡಿಯಾಗಿ ಬಂದವು. ಭೀಮಶಾ ಜೋಳ ಕೊಡಲು ಒಪ್ಪಿ, ತನ್ನ ಗಾಡಿ ಕಳಿಸಿ ಕಲ್ಲು ತರಿಸಿಕೊಂಡ.

ಕೈಯಾಳಿನ ಖರ್ಚು ಉಳಿಯಲೆಂದು ಅಮೀರ್ಬೀ ತಾನೇ ಆಡಕಿಗೆ ಹೋದಳು. ಭೀಮಶಾ ಕಲ್ಲುಗಳನ್ನು ಕಂಡವನೇ ತಲೆಯ ಮೇಲೆ ಕೈ ಇಟ್ಟ. "ಬಾಬುಮಿಯಾ, ಎಮ್ಮಿಗೋಳಿಗಿ ಪಾಲಿಶ್ ಕಲ್ಲೇನೋ ಮಾರಾಯಾ! ಮಾರಿ ನೋಡ್ಕೋತಾವೇನ? ಜಾರಿ ಬಿದ್ದು ಕಾಲ ಮುರ್ಕೋತಾವಷ್ಟೇ."

"ಬೋರಲ ಹಾಕ್ತೀನಿ ಗೌಡ್ರ," ಎಂದ ಬಾಬುಮಿಯಾ. "ಒರಟ ಮೈ ಮ್ಯಾಲ ಬರ್ತದ."

ಅಮೀರ್ಬೀ ಉಸುಕು ಹೊತ್ತು ತಂದು ಸುರಿದಳು. ಅವನು ಮಟ್ಟ ಮಾಡಿದ. ಒಂದೊಂದು ಕಲ್ಲು ಎತ್ತುವಾಗಲೂ ಹೊಳೆಯುವ ಮೈಗೆ ಅಂಟಿದ ಮಣ್ಣನ್ನು ರುಮಾಲಿನಿಂದ ಒರೆಸುತ್ತಿದ್ದ. ಒರೆಸಿ, ಕವುಚಿ, ಉಸುಕಿನ ಮೇಲೆ ಮಲಗಿಸುತ್ತಿದ್ದ. ಮಣ್ಣಿಗೆ ಹೋಗುವುದನ್ನು ಒರೆಸುವುದೇಕೆ ಎಂದು ಕೇಳಬೇಕೆಂದಿದ್ದಳು. ಅವನ ಮುಖ ನೋಡಿ ಇನ್ನೊಂದು ಬುಟ್ಟಿ ಉಸುಕು ತರಲು ಹೋದಳು.

ಕೆಲಸ ಮುಗಿದ ದಿನ ಭೀಮಶಾನ ಹೆಂಡತಿ ಗುರುಲಿಂಗಮ್ಮ ಜೋಳದ ಚೀಲ ಬಿಚ್ಚಿದಳು. ಅಮೀರ್ಬೀ ನಡುವಿನಿಂದ ಒಂದು ಹಿಡಿ ತೆಗೆದು ಮೂಸಿ, ಕಾಳು ಕಡಿದಳು. ಕಟಕ್ ಎಂದಿತು.

"ಏನವ್ವಾ, ನಮ್ಮ ಮ್ಯಾಲ ನಂಬಿಕಿ ಇಲ್ಲೇನ?" ಎಂದಳು ಗುರುಲಿಂಗಮ್ಮ.

"ನಿಮ್ಮ ಮ್ಯಾಲ ಅದ ಅಕ್ಕಾ. ಮಳಿ ಮ್ಯಾಲ ಇಲ್ಲ."

ಚೀಲಗಳನ್ನು ಮನೆಗೆ ತಂದು, ಇಬ್ಬರೂ ಮಲಗುತ್ತಿದ್ದ ಹೊರಸಿನ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಒಟ್ಟಿದರು. ತಾವು ನೆಲಕ್ಕೆ ಇಳಿದರು. ದಿನಾ ನುಚ್ಚು ಉಂಡರೆ ರಾಶಿಯತನಕ ಬರುವಷ್ಟಿತ್ತು. ಅಷ್ಟು ಖಾತ್ರಿಯಾದ ಮೇಲೆ, ಫೀ ತುಂಬುವ ಕೊನೆಯ ದಿನ ಮುಂಜಾನೆ, ಅಮೀರ್ಬೀ ಹಾಸಿಗೆಗಳ ನಡುವಿನಿಂದ ಹೋತದ ದುಡ್ಡಿನ ಗಂಟು ತೆಗೆದು ಮಗಳ ಕೈಗಿಟ್ಟಳು.

"ಉಳದ್ರ ವಾಪಸ್ ತಾ."

"ಏನೂ ಉಳ್ಯಾದಿಲ್ಲ ಅಮ್ಮಾ. ಪುಸ್ತಕಕ್ಕೇ ಕಮ್ಮಿ ಬೀಳ್ತದ."

"ಉಳದ್ರ ಅಂದಿನಿ."

ವಾಡಿಯ ಕಡೆಯಿಂದ ಚಿತ್ತಾಪುರದ ಬಸ್ಸು ಬಂತು. ಮಹೆವಿಶ ದುಪಟ್ಟಾ ತಲೆಗೆ ಹೊದ್ದುಕೊಂಡು ಓಡಿ ಹೋಗಿ ಹತ್ತಿದಳು. ಒಲೆಯ ಮೇಲೆ ನುಚ್ಚು ಉಕ್ಕುವ ಸದ್ದು ಕೇಳಿ ಅಮೀರ್ಬೀ ಒಳಗೆ ಹೋದಳು.