ಹೊಸ ಯುಪಿಎಸ್ ತಂದದ್ದು

ನಮ್ಮ ಮನೆಯವರು ತೀರಿಕೊಂಡ ಮೇಲೆ ಅವರ ಕೈಯಿಂದ ಶುರುವಾಗಿ ಇನ್ನೂ ನಡೆಯುತ್ತಿದ್ದದ್ದು ಒಂದೇ: ಟಿವಿಗೆ ಜೋಡಿಸಿ ಅದರ ಪಕ್ಕದ ಗೂಡಿನಲ್ಲಿಟ್ಟಿದ್ದ ಸಣ್ಣ ಸರ್ವರ್. ಮನೆಯ ಫೋಟೋ, ವಿಡಿಯೊ ಎಲ್ಲ ಅದರೊಳಗೇ. ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ಒಮ್ಮೆ ಆಫ್ ಆದರೆ ಮತ್ತೆ ಹಚ್ಚುವಾಗ ಪಾಸ್‌ವರ್ಡ್ ಕೇಳುತ್ತದೆ. ಅದು ಅವರೊಬ್ಬರಿಗೇ ಗೊತ್ತಿತ್ತು. ಫೋಟೋಗಳನ್ನೆಲ್ಲ ನನ್ನ ತಮ್ಮ ಬೇರೆ ಡಿಸ್ಕಿಗೆ ಇಳಿಸಿಕೊಟ್ಟು, ಇನ್ನು ಅದು ಇದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ ಅಂದ. ಇರಬಹುದು. ಆದರೂ ಅದು ನಿಲ್ಲುವುದು ನನಗೆ ಬೇಡವಾಗಿತ್ತು. ಅವರು ಹೋದಾಗ ನನಗೆ ಅಳು ಬಂದಿರಲಿಲ್ಲ. ಜನ ಗಟ್ಟಿಗಿತ್ತಿ ಅಂದರು. ಗಟ್ಟಿಯೂ ಅಲ್ಲ, ಮಣ್ಣೂ ಅಲ್ಲ. ಮೈಯೆಲ್ಲ ಮರಗಟ್ಟಿತ್ತು, ಅಷ್ಟೇ.

ನಮ್ಮೂರು ಸಿದ್ದಾಪುರದಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಮನೆಗೆ ಇನ್ವರ್ಟರ್ ಇದೆ. ಅದು ಹಿಡಿದುಕೊಳ್ಳುವಷ್ಟರಲ್ಲಿ ಫ್ಯಾನಿಗೆ ಏನೂ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ಆಫ್ ಆಗಿಬಿಡುತ್ತದೆ. ಆ ಒಂದು ಗಳಿಗೆ ಕಾಯಲೆಂದೇ ಅವರು ಸಣ್ಣದೊಂದು ಯುಪಿಎಸ್ ಇಟ್ಟಿದ್ದರು. ಈಗ ಅದು ಬ್ಯಾಟರಿ ಮುಗಿಯಿತೆಂದು ಕೀಂಗುಟ್ಟತೊಡಗಿತು.

ಗಂಗಾವತಿಗೆ ಹೋದೆ. ಅಂಗಡಿಯಾತ ಎಷ್ಟು ಫ್ಯಾನು, ಎಷ್ಟು ಲೈಟು ಎಂದು ಕೇಳಿದ. ನಮ್ಮ ಕಡೆ ಬ್ಯಾಟರಿ ಅಂದರೆ ಫ್ಯಾನಿನ ಲೆಕ್ಕ. ಒಂದೂ ಇಲ್ಲ, ಸಣ್ಣದೊಂದು ಪೆಟ್ಟಿಗೆ ಎಂದೆ.

“ಎಷ್ಟು ತಾಸು ನಡೀಬೇಕ್ರಿ ಅಕ್ಕಾರ?”

“ನಿಂದರಬಾರದ್ರಿ.”

ಆತ ನಕ್ಕ. ಅಂಥದ್ದು ಇನ್ನೂ ಬಂದಿಲ್ಲವೆಂದು ಹೇಳಿ, ಎರಡು ತಾಸು ತಡೆಯುವಂಥದ್ದನ್ನು ತೆಗೆದಿಟ್ಟ. ಮಂಗಳವಾರ ಹುಲಿಗಿಯ ದೇವಿ ಗುಡಿಗೆ ಹೋಗುವವನಿದ್ದನಂತೆ. ಬುಧವಾರ ತಾನೇ ಹಚ್ಚಿಕೊಡಲು ಬಂದ.

ವೈರುಗಳನ್ನು ನೋಡಿ ಹೇಳಿದ, “ಹಳೇದರಾಗಿಂದ ಕಿತ್ತು ಇದಕ್ಕ ಹಾಕಬೇಕ್ರಿ. ಒಂದ್ಸಲ ಆಫ್ ಮಾಡಾಕ ಬೇಕು.”

ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹಳೆಯದು ಮತ್ತೆ ಕೀಂ ಅಂದಿತು. ಮುಂದಿನ ಸಲ ಕರೆಂಟ್ ಹೋದರೆ ಹೇಗೂ ನಿಲ್ಲುವುದೇ.

“ಮಾಡ್ರಿ” ಅಂದೆ.

ಗುಂಯ್ ಸದ್ದು ನಿಂತಿತು. ಅವರನ್ನು ಹೊರಗೆ ಒಯ್ದ ದಿನವೂ ನಿಂತಿರದ ಸದ್ದು. ಆತ ಹೊಸದಕ್ಕೆ ವೈರು ಹಾಕಿ ಗುಂಡಿ ಒತ್ತಿದ. ಟಿವಿಯ ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಸಾಲು ಬಂತು. ಆತ ನನ್ನ ಮುಖ ನೋಡಿದ. ಗೊತ್ತಿದ್ದವರು ಇಲ್ಲ ಎಂದೆ. ಆಮೇಲೆ ಚಹಾ ಮಾಡಿಕೊಟ್ಟೆ.

ಸಂಜೆ ಕರೆಂಟ್ ಹೋಯಿತು. ಹೊಸ ಯುಪಿಎಸ್ ಛಲೋ ಹಿಡಿಯಿತು, ಸರ್ವರ್ ನಿಲ್ಲಲಿಲ್ಲ. ನಾನು ಅದರ ಮುಂದೆಯೇ ಕುಳಿತಿದ್ದೆ. ಅದು ಪಾಸ್‌ವರ್ಡ್ ಕೇಳುತ್ತಲೇ ಇತ್ತು.